ಕಾಗದಕ್ಕಲ್ಲ, ಕಡತಕ್ಕೆ: ಯುನಿಕ್ಸ್ ಮುದ್ರಣ ಸರತಿಯನ್ನು ಸ್ಥಾಪಿಸುವ ಬಗೆ

ನಂಜನಗೂಡು: ಕಪಿಲಾ ನದಿ ತುಂಬಿ ಹರಿಯುವ ದಿನಗಳಲ್ಲಿ ದಂಡೆಯ ಮನೆಗಳವರಿಗೆ ದವಸ ಧಾನ್ಯಗಳಷ್ಟೇ ಚಿಂತೆ ತರುವ ಇನ್ನೊಂದು ವಸ್ತುವೆಂದರೆ ಕಾಗದಪತ್ರಗಳ ಟ್ರಂಕು. 2018 ಹಾಗೂ 2019ರ ಮಳೆಗಾಲಗಳಲ್ಲಿ ಕಬಿನಿ ಜಲಾಶಯದಿಂದ ಭಾರಿ ಪ್ರಮಾಣದ ನೀರನ್ನು ಹೊರಬಿಟ್ಟಾಗ ನಂಜನಗೂಡು ಪಟ್ಟಣದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು. ಮಲ್ಲನಮೂಲೆ ಮಠದ ಬಳಿ ಮೈಸೂರು-ನಂಜನಗೂಡು ಹೆದ್ದಾರಿ ಮುಳುಗಿ ಸಂಚಾರ ಸ್ಥಗಿತಗೊಂಡಿತ್ತು. ಇದೇ ನದಿ ಕೆಳಗೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಎರಡೂ ತಾಲ್ಲೂಕುಗಳು ನಾಲೆ ನೀರಿನ ಗದ್ದೆ, ಪಾಲು ಪಾರೀಕತ್ತು, ಗಡಿ ತಕರಾರುಗಳ ಸೀಮೆ. ಇಲ್ಲಿ ಒಂದು ಹಾಳೆ ಕಾಗದ ಕಳೆದುಹೋದರೆ ಅದರೊಂದಿಗೆ ಒಂದು ಹಕ್ಕಿನ ಗುರುತೂ ಕಳೆದುಹೋಗುವ ಸಂದರ್ಭಗಳುಂಟು.

ಈ ಕಾರಣದಿಂದಲೇ ಮುದ್ರಣವನ್ನು ಕಾಗದಕ್ಕೆ ಬದಲಾಗಿ ಗಣಕದ ಕಡತಕ್ಕೆ ತಿರುಗಿಸುವ ವ್ಯವಸ್ಥೆ ಇಂದು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ. ಯುನಿಕ್ಸ್ ಮತ್ತು ಅದರ ವಂಶದ ಲಿನಕ್ಸ್ ಗಣಕಗಳಲ್ಲಿ ಇಂತಹ ವ್ಯವಸ್ಥೆ ಮಾಡುವುದು ಕೆಲವೇ ನಿಮಿಷಗಳ ಕೆಲಸ. ಆದರೆ ಹೊರಬಂದ ಕಡತ ಎಲ್ಲಿ ಕೂರುತ್ತದೆ, ಯಾರು ಅದನ್ನು ಓದಬಲ್ಲರು, ಅದರೊಳಗಿನ ಕನ್ನಡ ಹುಡುಕಲು ಸಿಗುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳದೆ ಮಾಡಿದ ವ್ಯವಸ್ಥೆ ಅರ್ಧ ಕೆಲಸವೇ ಸರಿ.

ನ್ಯಾಯಾಲಯಗಳಲ್ಲಿ ಲಿನಕ್ಸ್

ಯುನಿಕ್ಸ್ ಎಂದರೆ ಬೆಂಗಳೂರಿನ ದೊಡ್ಡ ಕಂಪೆನಿಗಳ ಸರ್ವರ್ ಕೋಣೆಗಳ ಸರಕು ಎಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಅದು ತಾಲ್ಲೂಕು ಕೇಂದ್ರಗಳಿಗೆ ಬಂದು ವರ್ಷಗಳೇ ಕಳೆದಿವೆ. 1990ರ ದಶಕದಲ್ಲಿ ದೇಶದ ಹಲವು ಬ್ಯಾಂಕ್ ಶಾಖೆಗಳ ಗಣಕೀಕರಣ ನಡೆದದ್ದು ಎಸ್‌ಸಿಓ ಯುನಿಕ್ಸ್ ಮೇಲೆ. ಗೌಂಟರಿನ ಹಿಂದೆ ಕರಕರ ಸದ್ದು ಮಾಡುತ್ತಿದ್ದ ಡಾಟ್ ಮ್ಯಾಟ್ರಿಕ್ಸ್ ಮುದ್ರಕಗಳಿಗೆ ಕೆಲಸ ಹಂಚುತ್ತಿದ್ದುದು ಅದರ ಮುದ್ರಣ ಸರತಿಯೇ.

ನಂತರದ ದೊಡ್ಡ ಹೆಜ್ಜೆ ನ್ಯಾಯಾಂಗದ್ದು. ಸುಪ್ರೀಂ ಕೋರ್ಟಿನ ಇ-ಸಮಿತಿಯ ಮಾರ್ಗದರ್ಶನದ ಇ-ಕೋರ್ಟ್ಸ್ ಯೋಜನೆ 2007ರಲ್ಲಿ ಆರಂಭವಾಯಿತು. ಎರಡನೆಯ ಹಂತ 2015ರಿಂದ 2023ರವರೆಗೆ ನಡೆಯಿತು. 7,210 ಕೋಟಿ ರೂಪಾಯಿ ವೆಚ್ಚದ ಮೂರನೆಯ ಹಂತಕ್ಕೆ ಕೇಂದ್ರ ಸಚಿವ ಸಂಪುಟ 2023ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಿಗೆ ಈ ಯೋಜನೆ ಆರಿಸಿಕೊಂಡದ್ದು ಮುಕ್ತ ತಂತ್ರಾಂಶವನ್ನು. ಗಣಕಗಳಿಗೆ ಉಬುಂಟು ಲಿನಕ್ಸ್, ಪ್ರಕರಣಗಳ ನಿರ್ವಹಣೆಗೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಸಿದ್ಧಪಡಿಸಿದ ಸಿಐಎಸ್ ತಂತ್ರಾಂಶ. ಮೈಸೂರು ಜಿಲ್ಲಾ ನ್ಯಾಯಾಂಗದ ವ್ಯಾಪ್ತಿಯಲ್ಲಿರುವ ನಂಜನಗೂಡು ಹಾಗೂ ತಿ.ನರಸೀಪುರದ ನ್ಯಾಯಾಲಯಗಳೂ ಈ ಯೋಜನೆಯ ಜಾಲಕ್ಕೆ ಸೇರಿವೆ. ಮುಂದಿನ ವಾಯಿದೆ ಎಂದು, ನೀಡಿದ ಆದೇಶ ಏನು ಎಂಬುದನ್ನು ಕಕ್ಷಿದಾರರು ಊರಿನಲ್ಲೇ ಕುಳಿತು ಅಂತರ್ಜಾಲದಲ್ಲಿ ನೋಡಬಹುದಾಗಿದೆ. ಅಲ್ಲಿ ಕಾಣುವ ಆದೇಶಗಳು ಪಿಡಿಎಫ್ ರೂಪದಲ್ಲಿರುತ್ತವೆ. ಇ-ಫೈಲಿಂಗ್ ಮೂಲಕ ಸಲ್ಲಿಸುವ ದಾಖಲೆಗಳಿಗೂ ಅದೇ ರೂಪ ಬೇಕು. ಒಟ್ಟಿನಲ್ಲಿ, ಹಿಂದೆ ಮುದ್ರಕದ ಬಾಯಿಗೆ ಹೋಗುತ್ತಿದ್ದ ಅಕ್ಷರಗಳು ಈಗ ಕಡತಕ್ಕೆ ಹೋಗಬೇಕಾಗಿದೆ.

ಕಂದಾಯ ಇಲಾಖೆಯ ಕಥೆಯೂ ಇದಕ್ಕೆ ಹತ್ತಿರದ್ದು. ಭೂಮಿ ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದಾಗ, ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟು ಮುದ್ರಿತ ಹಾಳೆ ಪಡೆಯುವುದು ರೈತರಿಗೆ ಹೊಸ ಅನುಭವವಾಗಿತ್ತು. ಇಂದು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಡಿಜಿಟಲ್ ಸಹಿಯೊಂದಿಗೆ ಅಂತರ್ಜಾಲದಲ್ಲೇ ದೊರೆಯುತ್ತವೆ.

ಸರತಿ ಎಂದರೇನು?

ಪಡಿತರ ಅಂಗಡಿಯ ಮುಂದಿನ ಸಾಲನ್ನು ನೆನೆದರೆ ಮುದ್ರಣ ಸರತಿಯ ಅರ್ಥ ಸುಲಭ. ಒಂದು ಮುದ್ರಕ, ಹತ್ತು ಬಳಕೆದಾರರು. ಎಲ್ಲರ ಕೆಲಸವನ್ನೂ ಒಟ್ಟಿಗೆ ಮುದ್ರಕಕ್ಕೆ ಕಳುಹಿಸಿದರೆ ಒಬ್ಬರ ಸಾಲಿನ ಮಧ್ಯೆ ಇನ್ನೊಬ್ಬರ ಸಾಲು ಬೆರೆತುಹೋಗುತ್ತದೆ. ಆದ್ದರಿಂದ ಪ್ರತಿಯೊಂದು ಕೆಲಸವನ್ನೂ ಮೊದಲು ಡಿಸ್ಕಿನ ಒಂದು ಜಾಗದಲ್ಲಿ ಇರಿಸಿ, ಬಂದ ಕ್ರಮದಲ್ಲಿ ಒಂದೊಂದನ್ನೇ ಮುಂದಕ್ಕೆ ಬಿಡಲಾಗುತ್ತದೆ. ಆ ಜಾಗಕ್ಕೆ ಸ್ಪೂಲ್ ಎಂದು ಹೆಸರು.

ಸರತಿಯ ಹಾದಿಯಲ್ಲಿ ಮೂರು ಘಟ್ಟಗಳಿವೆ. ಮೊದಲನೆಯದು ಕೆಲಸವನ್ನು ಸ್ವೀಕರಿಸಿ ಸ್ಪೂಲಿನಲ್ಲಿ ಇಡುವ ನಿರ್ವಾಹಕ. ಎರಡನೆಯದು ದಾಖಲೆಯನ್ನು ಮುದ್ರಕದ ಭಾಷೆಗೆ ಪರಿವರ್ತಿಸುವ ಸೋಸುಕ, ಅಂದರೆ ಫಿಲ್ಟರ್. ಮೂರನೆಯದು ಸಿದ್ಧವಾದ ಮಾಹಿತಿಯನ್ನು ಗಮ್ಯಕ್ಕೆ ತಲುಪಿಸುವ ಬ್ಯಾಕೆಂಡ್. ಯುನಿಕ್ಸ್‌ನಲ್ಲಿ ಮುದ್ರಕ, ಕೀಲಿಮಣೆ ಮುಂತಾದ ಸಾಧನಗಳೂ ಕಡತಗಳ ರೂಪದಲ್ಲೇ ಕಾಣಿಸಿಕೊಳ್ಳುತ್ತವೆ. ಹೀಗಾಗಿ ಮೂರನೆಯ ಘಟ್ಟದಲ್ಲಿ ಮುದ್ರಕದ ವಿಳಾಸದ ಜಾಗದಲ್ಲಿ ಒಂದು ಸಾಮಾನ್ಯ ಕಡತದ ವಿಳಾಸ ಕೊಟ್ಟರೆ ಸಾಕು, ಮುದ್ರಣ ಕಾಗದ ಬಿಟ್ಟು ಕಡತಕ್ಕೆ ಇಳಿಯುತ್ತದೆ. ಇಡೀ ವಿದ್ಯೆಯ ಬೇರು ಇಷ್ಟೇ.

ಕಪ್ಸ್ ಬಂದ ಬಗೆ

ಯುನಿಕ್ಸ್ ಕವಲೊಡೆದಂತೆ ಅದರ ಮುದ್ರಣ ವ್ಯವಸ್ಥೆಯೂ ಎರಡಾಯಿತು. ಬರ್ಕ್ಲಿ ಶಾಖೆಯಲ್ಲಿ ಎಲ್‌ಪಿಆರ್ ಆಜ್ಞೆ, ಸಿಸ್ಟಂ ಫೈವ್ ಶಾಖೆಯಲ್ಲಿ ಎಲ್‌ಪಿ ಆಜ್ಞೆ. ಎರಡರ ಸಂರಚನೆಯೂ ಬೇರೆ, ಕಡತಗಳೂ ಬೇರೆ. ಈ ಗೊಂದಲಕ್ಕೆ ಪರಿಹಾರವಾಗಿ ಅಮೆರಿಕದ ಮೈಕೆಲ್ ಸ್ವೀಟ್ 1997ರಲ್ಲಿ ಕಪ್ಸ್ ಎಂಬ ಸಾಮಾನ್ಯ ಮುದ್ರಣ ವ್ಯವಸ್ಥೆಯ ರಚನೆ ಆರಂಭಿಸಿದರು. ಅದು ಎರಡೂ ಶಾಖೆಗಳ ಆಜ್ಞೆಗಳನ್ನು ಅರಿಯುತ್ತದೆ. 2002ರಲ್ಲಿ ಆಪಲ್ ತನ್ನ ಮ್ಯಾಕ್ ಗಣಕಗಳಲ್ಲಿ ಕಪ್ಸ್ ಅಳವಡಿಸಿತು, 2007ರಲ್ಲಿ ಅದರ ಮೂಲಸಂಕೇತವನ್ನೇ ಕೊಂಡಿತು. ಸ್ವೀಟ್ 2019ರ ಕೊನೆಯಲ್ಲಿ ಆಪಲ್ ತೊರೆದ ನಂತರ ಓಪನ್‌ಪ್ರಿಂಟಿಂಗ್ ಬಳಗದ ಆಶ್ರಯದಲ್ಲಿ ಅಭಿವೃದ್ಧಿ ಮುಂದುವರಿದಿದೆ. ಉಬುಂಟು ಸೇರಿದಂತೆ ಬಹುತೇಕ ಲಿನಕ್ಸ್ ಆವೃತ್ತಿಗಳಲ್ಲಿ ಮುದ್ರಣದ ಹೊಣೆ ಕಪ್ಸ್‌ನದೇ.

ಮುಂದಿನ ಭಾಗದಲ್ಲಿ ಆಜ್ಞೆಗಳ ಹೆಸರುಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡದಲ್ಲಿ ಕೊಡಲಾಗಿದೆ. ಗಣಕದಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪಿಸಬೇಕು. ದೊಡ್ಡಕ್ಷರ ಬೇಕಾದ ಕಡೆ ಪ್ರತ್ಯೇಕವಾಗಿ ಸೂಚಿಸಲಾಗಿದೆ.

ಸರತಿ ಯಾರಿಗೆ ಬೇಕು?

ಒಬ್ಬರೇ ಬಳಸುವ ಗಣಕದಲ್ಲಿ ಆಗೊಮ್ಮೆ ಈಗೊಮ್ಮೆ ಪಿಡಿಎಫ್ ಮಾಡಿಕೊಳ್ಳುವವರಿಗೆ ಸರತಿಯ ಅಗತ್ಯವಿಲ್ಲ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಮುಂತಾದ ತಂತ್ರಾಂಶಗಳ ಮುದ್ರಣ ಕಿಟಕಿಯಲ್ಲಿ ಕಡತಕ್ಕೆ ಮುದ್ರಿಸು ಎಂಬ ಆಯ್ಕೆ ಇದ್ದೇ ಇರುತ್ತದೆ.

ಸರತಿ ಬೇಕಾಗುವುದು ಮೂರು ಸಂದರ್ಭಗಳಲ್ಲಿ. ಮುದ್ರಕಕ್ಕೆ ಕಳುಹಿಸುವುದನ್ನು ಬಿಟ್ಟು ಬೇರೇನೂ ತಿಳಿಯದ ಹಳೆಯ ತಂತ್ರಾಂಶ ಬಳಕೆಯಲ್ಲಿದ್ದಾಗ. ಒಂದೇ ಕಚೇರಿಯ ಹಲವು ಗಣಕಗಳ ಮುದ್ರಣವನ್ನು ಒಂದೇ ಕಡೆ ಸಂಗ್ರಹಿಸಬೇಕಾದಾಗ. ಮುದ್ರಣವಾದ ಪ್ರತಿಯೊಂದು ದಾಖಲೆಯ ನಕಲೂ ಮನುಷ್ಯರ ನೆನಪನ್ನು ಅವಲಂಬಿಸದೆ ತಾನಾಗಿಯೇ ಉಳಿಯಬೇಕಾದಾಗ. ವಕೀಲರ ಕಚೇರಿ, ಸಹಕಾರ ಸಂಘ, ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳಿಗೆ ಈ ಮೂರೂ ಅನ್ವಯಿಸುತ್ತವೆ.

ಮೊದಲ ವಿಧಾನ: ಕಪ್ಸ್-ಪಿಡಿಎಫ್

ಜರ್ಮನಿಯ ವೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಫೋಲ್ಕರ್ ಬೇರ್ ರೂಪಿಸಿದ ಕಪ್ಸ್-ಪಿಡಿಎಫ್ ಎಂಬ ಬ್ಯಾಕೆಂಡ್ ಬಹುತೇಕರಿಗೆ ಸಾಕಾಗುತ್ತದೆ. ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ಇದರ ಪೊಟ್ಟಣದ ಹೆಸರು ಪ್ರಿಂಟರ್-ಡ್ರೈವರ್-ಕಪ್ಸ್-ಪಿಡಿಎಫ್. ಎಪಿಟಿ ಆಜ್ಞೆಯ ಮೂಲಕ ಇದನ್ನು ಅನುಸ್ಥಾಪಿಸಿದೊಡನೆ ಪಿಡಿಎಫ್ ಎಂಬ ಹೆಸರಿನ ಸರತಿ ತಾನಾಗಿ ಸಿದ್ಧವಾಗುತ್ತದೆ. ಯಾವುದೇ ತಂತ್ರಾಂಶದ ಮುದ್ರಣ ಕಿಟಕಿಯಲ್ಲಿ ಅದು ಇನ್ನೊಂದು ಮುದ್ರಕದಂತೆ ಕಾಣಿಸುತ್ತದೆ. ಅಲ್ಲಿಗೆ ಕಳುಹಿಸಿದ ದಾಖಲೆ ಬಳಕೆದಾರರ ಮನೆ ಫೋಲ್ಡರಿನೊಳಗಿನ ಪಿಡಿಎಫ್ ಎಂಬ ಫೋಲ್ಡರಿಗೆ ಬಂದು ಸೇರುತ್ತದೆ.

ಸರತಿ ತಾನಾಗಿ ಸಿದ್ಧವಾಗದಿದ್ದಲ್ಲಿ ಅಂತರ್ಜಾಲ ವೀಕ್ಷಕದಲ್ಲಿ ಲೋಕಲ್‌ಹೋಸ್ಟ್, ನಂತರ ಎರಡು ಚುಕ್ಕೆಯ ಗುರುತು, ನಂತರ 631 ಎಂದು ಟೈಪಿಸಿದರೆ ಕಪ್ಸ್‌ನ ಆಡಳಿತ ಪುಟ ತೆರೆಯುತ್ತದೆ. ಅಲ್ಲಿ ಮುದ್ರಕ ಸೇರಿಸುವ ಆಯ್ಕೆಯನ್ನು ಒತ್ತಿದರೆ ಸ್ಥಳೀಯ ಮುದ್ರಕಗಳ ಪಟ್ಟಿಯಲ್ಲಿ ಕಪ್ಸ್-ಪಿಡಿಎಫ್ ಇರುತ್ತದೆ. ಸರತಿಯ ಹೆಸರಿನಲ್ಲಿ ಖಾಲಿ ಜಾಗ ಇರಕೂಡದು.

ಇದರ ಎಲ್ಲ ನಿಯಮಗಳೂ ಇಟಿಸಿ ಫೋಲ್ಡರಿನ ಕಪ್ಸ್ ಉಪಫೋಲ್ಡರಿನಲ್ಲಿರುವ ಕಪ್ಸ್-ಪಿಡಿಎಫ್ ಡಾಟ್ ಕಾನ್ಫ್ ಎಂಬ ಕಡತದಲ್ಲಿವೆ. ಅದರಲ್ಲಿ ನಾಲ್ಕು ಸಾಲುಗಳನ್ನು ಗಮನಿಸಬೇಕು.

ಔಟ್: ಕಡತಗಳು ಸೇರಬೇಕಾದ ಫೋಲ್ಡರಿನ ವಿಳಾಸ.

ಲೇಬಲ್: ಇದರ ಬೆಲೆ ಮೊದಲಿಗೆ 0. ಆಗ ಒಂದೇ ಶೀರ್ಷಿಕೆಯ ಎರಡು ದಾಖಲೆಗಳನ್ನು ಕಳುಹಿಸಿದರೆ ಎರಡನೆಯದು ಮೊದಲನೆಯದನ್ನು ಅಳಿಸಿ ಕೂರುತ್ತದೆ. ಬೆಲೆಯನ್ನು 1 ಮಾಡಿದರೆ ಕೆಲಸದ ಕ್ರಮಸಂಖ್ಯೆ ಕಡತದ ಹೆಸರಿನ ಮುಂದೆಯೂ, 2 ಮಾಡಿದರೆ ಹೆಸರಿನ ಹಿಂದೆಯೂ ಸೇರುತ್ತದೆ. ಕಚೇರಿಗಳಲ್ಲಿ 1 ಅಥವಾ 2 ಇರುವುದೇ ಕ್ಷೇಮ.

ಯೂಸರ್ ಯುಮಾಸ್ಕ್: ಮೂಲ ಬೆಲೆ 0077. ಅಂದರೆ ಕಡತವನ್ನು ಅದರ ಒಡೆಯರಲ್ಲದೆ ಬೇರೆ ಸಾಮಾನ್ಯ ಬಳಕೆದಾರರು ಓದಲಾರರು. ಇದನ್ನು ಸಡಿಲಿಸದಿರುವುದು ಒಳಿತು.

ಪೋಸ್ಟ್ ಪ್ರೊಸೆಸಿಂಗ್: ಕಡತ ಸಿದ್ಧವಾದ ನಂತರ ನಡೆಯಬೇಕಾದ ಕಿರು ಕಾರ್ಯಕ್ರಮದ ವಿಳಾಸ. ದಿನಾಂಕವಾರು ಫೋಲ್ಡರಿಗೆ ಸಾಗಿಸುವುದು, ಇನ್ನೊಂದು ಡಿಸ್ಕಿಗೆ ನಕಲು ಮಾಡುವುದು ಮುಂತಾದ ಕೆಲಸಗಳನ್ನು ಇಲ್ಲಿಂದ ಮಾಡಿಸಬಹುದು.

ಔಟ್ ಸಾಲನ್ನು ಬದಲಿಸಿದವರು ಸಾಮಾನ್ಯವಾಗಿ ಒಂದು ಕಡೆ ಎಡವುತ್ತಾರೆ. ಉಬುಂಟುವಿನ ಆಪ್‌ಆರ್ಮರ್ ಎಂಬ ಕಾವಲು ವ್ಯವಸ್ಥೆ ಮುದ್ರಣ ನಿರ್ವಾಹಕಕ್ಕೆ ಗೊತ್ತುಪಡಿಸಿದ ಫೋಲ್ಡರುಗಳಲ್ಲಿ ಮಾತ್ರ ಬರೆಯಲು ಬಿಡುತ್ತದೆ. ಹೊಸ ಫೋಲ್ಡರಿಗೆ ಅನುಮತಿ ಸೇರಿಸದಿದ್ದರೆ ಕೆಲಸ ಮುಗಿಯಿತು ಎಂಬ ಸೂಚನೆ ಬಂದರೂ ಕಡತ ಎಲ್ಲಿಯೂ ಕಾಣುವುದಿಲ್ಲ.

ಎರಡನೆಯ ವಿಧಾನ: ನೇರ ಕಡತ

ಬ್ಯಾಕೆಂಡ್‌ನ ನೆರವಿಲ್ಲದೆ ಸರತಿಯನ್ನು ನೇರವಾಗಿ ಒಂದು ಕಡತಕ್ಕೆ ಕಟ್ಟುವುದೂ ಸಾಧ್ಯ. ಆದರೆ ಕಪ್ಸ್ ಇದನ್ನು ಮೊದಲಿಗೆ ತಡೆದಿರುತ್ತದೆ. ಕಾರಣ ಸರಳ. ಮುದ್ರಣ ನಿರ್ವಾಹಕ ಗಣಕದ ಪರಮಾಧಿಕಾರಿಯಾದ ರೂಟ್‌ನ ಹಕ್ಕಿನಲ್ಲಿ ಕೆಲಸ ಮಾಡುತ್ತದೆ. ತಪ್ಪು ವಿಳಾಸ ಕೊಟ್ಟರೆ ಅದು ಗಣಕದ ಮುಖ್ಯ ಕಡತವೊಂದನ್ನೇ ಅಳಿಸಿ ಅದರ ಜಾಗದಲ್ಲಿ ಪತ್ರವೊಂದನ್ನು ಬರೆದುಬಿಡಬಲ್ಲದು.

ತಡೆಯನ್ನು ತೆಗೆಯಲು ಇಟಿಸಿ-ಕಪ್ಸ್ ಫೋಲ್ಡರಿನ ಕಪ್ಸ್-ಫೈಲ್ಸ್ ಡಾಟ್ ಕಾನ್ಫ್ ಕಡತದಲ್ಲಿ ಫೈಲ್‌ಡಿವೈಸ್ ಎಂಬ ಪದದ ಮುಂದೆ ಯೆಸ್ ಎಂದು ಬರೆದು, ಕಪ್ಸ್ ಸೇವೆಯನ್ನು ಮರಳಿ ಆರಂಭಿಸಬೇಕು. ಈ ಪದದಲ್ಲಿ ಎಫ್ ಮತ್ತು ಡಿ ದೊಡ್ಡಕ್ಷರಗಳು, ನಡುವೆ ಖಾಲಿ ಜಾಗವಿಲ್ಲ. ನಂತರ ರೂಟ್ ಹಕ್ಕಿನೊಂದಿಗೆ ಎಲ್‌ಪಿಅಡ್ಮಿನ್ ಆಜ್ಞೆಯನ್ನು ಈ ಕ್ರಮದಲ್ಲಿ ಕೊಡಬೇಕು: ಮೊದಲು ಅಡ್ಡಗೆರೆ ಪಿ, ಅದರ ಮುಂದೆ ಸರತಿಯ ಹೆಸರು, ನಂತರ ಅಡ್ಡಗೆರೆ ದೊಡ್ಡಕ್ಷರದ ಇ, ನಂತರ ಅಡ್ಡಗೆರೆ ವಿ, ಅದರ ಮುಂದೆ ಫೈಲ್ ಎಂಬ ಪದ, ಎರಡು ಚುಕ್ಕೆಯ ಗುರುತು ಹಾಗೂ ಕಡತದ ಪೂರ್ಣ ವಿಳಾಸ, ಕೊನೆಗೆ ಅಡ್ಡಗೆರೆ ಎಂ, ಅದರ ಮುಂದೆ ರಾ ಎಂಬ ಪದ. ಆರ್, ಎ, ಡಬ್ಲ್ಯು ಎಂಬ ಮೂರಕ್ಷರಗಳ ಆ ಪದಕ್ಕೆ ಸೋಸುಕವಿಲ್ಲದೆ ಇದ್ದುದನ್ನು ಇದ್ದಂತೆ ದಾಟಿಸು ಎಂದು ಅರ್ಥ.

ಇಲ್ಲಿ ದೊಡ್ಡಕ್ಷರದ ಇ ಎಲ್ಲಿ ಬರುತ್ತದೆ ಎಂಬುದು ಮುಖ್ಯ. ಸರತಿಯ ಹೆಸರಿನ ನಂತರ ಬಂದರೆ ಅದು ಸರತಿಯನ್ನು ಚಾಲನೆಗೊಳಿಸಿ ಕೆಲಸ ಸ್ವೀಕರಿಸಲು ಸಿದ್ಧಗೊಳಿಸುತ್ತದೆ. ಹೆಸರಿಗಿಂತ ಮೊದಲು ಬಂದರೆ ಸಂಪರ್ಕವನ್ನು ಗೂಢಲಿಪಿಗೆ ಒಳಪಡಿಸು ಎಂಬ ಬೇರೆಯೇ ಅರ್ಥ ಕೊಡುತ್ತದೆ. ಸರತಿ ಸಿದ್ಧವಾದರೂ ಕೆಲಸ ಮಾಡುತ್ತಿಲ್ಲ ಎಂಬ ದೂರಿನ ಹಿಂದೆ ಅನೇಕ ವೇಳೆ ಇದೇ ಕಾರಣವಿರುತ್ತದೆ.

ಈ ವಿಧಾನಕ್ಕೆ ಮಿತಿಗಳಿವೆ. ಕಡತ ಒಂದೇ ಆದುದರಿಂದ ಪ್ರತಿಯೊಂದು ಹೊಸ ಕೆಲಸವೂ ಹಿಂದಿನದನ್ನು ಅಳಿಸುತ್ತದೆ. ಕಡತದ ಒಡೆತನ ಸಾಮಾನ್ಯವಾಗಿ ರೂಟ್‌ನದಾಗಿ, ಕಳುಹಿಸಿದವರಿಗೇ ಅದನ್ನು ತೆರೆಯಲು ಬರುವುದಿಲ್ಲ. ಸೋಸುಕವಿಲ್ಲದ ಸರತಿಗಳನ್ನು ಮುಂದಿನ ಆವೃತ್ತಿಗಳಲ್ಲಿ ಕೈಬಿಡುವುದಾಗಿ ಕಪ್ಸ್ ಸ್ವತಃ ಎಚ್ಚರಿಕೆ ನೀಡುತ್ತದೆ. ಆದ್ದರಿಂದ ತಂತ್ರಾಂಶವೊಂದು ಮುದ್ರಕಕ್ಕೆ ನಿಜವಾಗಿ ಏನನ್ನು ಕಳುಹಿಸುತ್ತಿದೆ ಎಂದು ಪರೀಕ್ಷಿಸಲು ಮಾತ್ರ ಇದನ್ನು ಬಳಸುವುದು ಸೂಕ್ತ. ಕೆಲಸ ಮುಗಿದ ಮೇಲೆ ಫೈಲ್‌ಡಿವೈಸ್ ಸಾಲನ್ನು ಮತ್ತೆ ನೋ ಎಂದು ಬದಲಿಸುವುದನ್ನು ಮರೆಯಬಾರದು.

ಹಳೆಯ ಯಂತ್ರಗಳಲ್ಲಿ

ಕಪ್ಸ್ ಇಲ್ಲದ ಹಳೆಯ ಬರ್ಕ್ಲಿ ಮಾದರಿಯ ಗಣಕಗಳಲ್ಲಿ ಇಟಿಸಿ ಫೋಲ್ಡರಿನ ಪ್ರಿಂಟ್‌ಕ್ಯಾಪ್ ಕಡತವೇ ಆಧಾರ. ಅದರಲ್ಲಿ ಎಲ್‌ಪಿ ಎಂಬ ಅಂಶಕ್ಕೆ ಸಾಧನದ ಜಾಗದಲ್ಲಿ ಕಡತದ ವಿಳಾಸವನ್ನೂ, ಎಸ್‌ಡಿ ಎಂಬ ಅಂಶಕ್ಕೆ ಸ್ಪೂಲ್ ಫೋಲ್ಡರಿನ ವಿಳಾಸವನ್ನೂ ಕೊಡಲಾಗುತ್ತದೆ. ಎಂಎಕ್ಸ್ ಎಂಬ ಅಂಶ ಕೆಲಸದ ಗರಿಷ್ಠ ಗಾತ್ರವನ್ನು ಹೇಳುತ್ತದೆ. ಅದನ್ನು 0 ಎಂದು ಬರೆಯದಿದ್ದರೆ ದೊಡ್ಡ ದಾಖಲೆಗಳು ಮಿತಿ ದಾಟಿದ ಕಾರಣಕ್ಕೆ ಪೂರ್ತಿಯಾಗಿ ಹೊರಬರುವುದಿಲ್ಲ. ಐಬಿಎಂನ ಎಐಎಕ್ಸ್ ಗಣಕಗಳಲ್ಲಿ ಕ್ಯೂಕಾನ್ಫಿಗ್ ಎಂಬ ಕಡತದಲ್ಲಿ ಸಾಧನದ ವಿವರಣೆಯೊಳಗಿನ ಫೈಲ್ ಎಂಬ ಸಾಲಿಗೆ ಕಡತದ ವಿಳಾಸ ಕೊಟ್ಟರೆ ಅದೇ ಫಲ ದೊರೆಯುತ್ತದೆ.

ಕನ್ನಡ ಉಳಿಯಿತೇ?

ಕಡತ ತೆರೆದಾಗ ಕನ್ನಡ ಅಂದವಾಗಿ ಕಂಡರೆ ಕೆಲಸ ಮುಗಿಯಿತು ಎಂದು ತಿಳಿಯಬಾರದು. ಕಣ್ಣಿಗೆ ಕಾಣುವುದು ಅಕ್ಷರದ ಚಿತ್ರ. ಗಣಕ ಹುಡುಕುವುದು ಆ ಚಿತ್ರದ ಹಿಂದಿರುವ ಸಂಕೇತವನ್ನು. ಕನ್ನಡಕ್ಕೆ ಯುನಿಕೋಡ್ ಸಂಕೇತ 1991ರಿಂದಲೇ ಇದ್ದರೂ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ದಾಖಲೆಗಳು ಇಂದಿಗೂ ಕಚೇರಿಗಳಲ್ಲಿ ರಾಶಿ ರಾಶಿಯಾಗಿವೆ. ಅವುಗಳಲ್ಲಿ ಕನ್ನಡದ ಚಿತ್ರದ ಹಿಂದೆ ಇಂಗ್ಲಿಷ್ ಅಕ್ಷರಗಳ ಸಂಕೇತವಿರುತ್ತದೆ. ಅಂತಹ ದಾಖಲೆಯನ್ನು ಪಿಡಿಎಫ್‌ಗೆ ಇಳಿಸಿ ಒಂದು ಹೆಸರನ್ನು ಹುಡುಕಿದರೆ ಸಿಗುವುದಿಲ್ಲ.

ಯುನಿಕೋಡ್‌ನಲ್ಲೇ ಬರೆದ ದಾಖಲೆಗೂ ಅಪಾಯವಿಲ್ಲದಿಲ್ಲ. ಮುದ್ರಣದ ಹಾದಿಯಲ್ಲಿ ದಾಖಲೆ ಪೋಸ್ಟ್‌ಸ್ಕ್ರಿಪ್ಟ್ ಭಾಷೆಗೆ ತಿರುಗಿ, ಅಲ್ಲಿಂದ ಮತ್ತೆ ಪಿಡಿಎಫ್‌ಗೆ ಬಂದಾಗ ಚಿತ್ರಕ್ಕೂ ಸಂಕೇತಕ್ಕೂ ಇರುವ ನಂಟು ಕಡಿದುಹೋಗಬಹುದು. ಒತ್ತಕ್ಷರ ಮತ್ತು ಅರ್ಕಾವತ್ತುಗಳಿಗೆ ಇದರ ಪೆಟ್ಟು ಹೆಚ್ಚು. ಅರ್ಜಿದಾರ ಎಂಬ ಪದದಲ್ಲಿ ಅರ್ಕಾವತ್ತು ಬರವಣಿಗೆಯಲ್ಲಿ ಜಿ ಅಕ್ಷರದ ನಂತರ ಕಾಣಿಸಿಕೊಂಡರೂ ಸಂಕೇತದಲ್ಲಿ ಮೊದಲೇ ಬರುತ್ತದೆ. ಈ ಹಿಂದುಮುಂದು ಸರಿಯಾಗಿ ದಾಖಲಾಗದಿದ್ದರೆ ನೂರು ಪುಟಗಳ ಕಡತದಲ್ಲಿ ಅರ್ಜಿದಾರ, ಪ್ರತಿವಾದಿ ಎಂಬ ಪದಗಳೇ ಹುಡುಕಾಟಕ್ಕೆ ಸಿಗದೆ ಹೋಗುತ್ತವೆ.

ಪರೀಕ್ಷಿಸುವ ಬಗೆ ಸುಲಭ. ಪಿಡಿಎಫ್‌ಫಾಂಟ್ಸ್ ಎಂಬ ಆಜ್ಞೆಯ ಉತ್ತರದಲ್ಲಿ ಯುಎನ್ಐ ಎಂಬ ಕಂಬವಿದೆ. ಅಲ್ಲಿ ನೋ ಎಂದಿದ್ದರೆ ಆ ಅಕ್ಷರಶೈಲಿಗೆ ಯುನಿಕೋಡ್ ನಂಟಿನ ಪಟ್ಟಿ ಇಲ್ಲವೆಂದು ತಿಳಿಯಬೇಕು. ಪಿಡಿಎಫ್‌ಟುಟೆಕ್ಸ್ಟ್ ಆಜ್ಞೆ ಕಡತದೊಳಗಿನ ಪಠ್ಯವನ್ನು ಹೊರತೆಗೆದು ತೋರಿಸುತ್ತದೆ. ಅರ್ಕಾವತ್ತಿರುವ ನಾಲ್ಕಾರು ಪದಗಳನ್ನು ಮೂಲದೊಂದಿಗೆ ಹೋಲಿಸಿ ನೋಡಿದರೆ ಸಾಕು. ಫಲಿತಾಂಶ ಕೆಟ್ಟಿದ್ದಲ್ಲಿ ಸರತಿಯನ್ನು ಬಿಟ್ಟು ಲಿಬ್ರೆ ಆಫೀಸ್‌ನ ಪಿಡಿಎಫ್ ರಫ್ತು ಸೌಲಭ್ಯ ಬಳಸುವುದು ಉತ್ತಮ. ಬರಿಯ ಪಠ್ಯ ಕಡತವನ್ನು ಎಲ್‌ಪಿ ಆಜ್ಞೆಯಿಂದ ನೇರವಾಗಿ ಕಳುಹಿಸಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬರುವ ಸಂಭವವಿದೆ. ಅಂತಹ ಕೆಲಸಕ್ಕೆ ಪ್ಯಾಪ್ಸ್ ಎಂಬ ಸಲಕರಣೆ ಇದೆ. ಗುಬ್ಬಿ, ನವಿಲು, ಲೋಹಿತ್ ಕನ್ನಡ ಮುಂತಾದ ಯುನಿಕೋಡ್ ಅಕ್ಷರಶೈಲಿಗಳು ಲಿನಕ್ಸ್‌ನಲ್ಲಿ ಉಚಿತವಾಗಿ ದೊರೆಯುತ್ತವೆ.

ಸಹಿ ಮತ್ತು ಸಾಕ್ಷ್ಯ

ಅನೇಕರಿಗೆ ತಿಳಿಯದ ಇನ್ನೊಂದು ಸಂಗತಿಯುಂಟು. ಡಿಜಿಟಲ್ ಸಹಿ ಇರುವ ಪಹಣಿ ಅಥವಾ ಪ್ರಮಾಣಪತ್ರವನ್ನು ತೆರೆದು, ಅದನ್ನು ಮತ್ತೆ ಕಡತಕ್ಕೆ ಮುದ್ರಿಸಿದರೆ ಹೊಸ ಕಡತದಲ್ಲಿ ಸಹಿಯ ಚಿತ್ರ ಮಾತ್ರ ಉಳಿಯುತ್ತದೆ. ಸಹಿಯನ್ನು ಗಣಕದಲ್ಲಿ ಪರಿಶೀಲಿಸಲು ಬೇಕಾದ ಗೂಢ ಸಂಕೇತ ಹೊರಟುಹೋಗುತ್ತದೆ. ನೋಡಲು ಎರಡೂ ಒಂದೇ, ಬೆಲೆ ಒಂದೇ ಅಲ್ಲ. ಇಂತಹ ದಾಖಲೆಗಳನ್ನು ಇಳಿಸಿಕೊಂಡ ಮೂಲ ರೂಪದಲ್ಲೇ ಕಾಯ್ದಿರಿಸಬೇಕು, ಸರತಿಗೆ ಹಾಕಕೂಡದು.

ನ್ಯಾಯಾಲಯದಲ್ಲಿ ವಿದ್ಯುನ್ಮಾನ ದಾಖಲೆಗಳ ಸ್ವೀಕಾರಕ್ಕೆ ಮೊದಲು 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 65ಬಿ ಕಲಂ ಆಧಾರವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ 2023ರಲ್ಲಿ ಅದರ ಜಾಗದಲ್ಲಿ 63ನೆಯ ಕಲಂ ಇದೆ. ದಾಖಲೆಯೊಂದಿಗೆ ಸಲ್ಲಿಸಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಕಡತದ ಹ್ಯಾಶ್ ಬೆಲೆಯನ್ನು ನಮೂದಿಸಲು ಜಾಗವಿದೆ. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಇದ್ದಂತೆ. ಒಂದು ಅಲ್ಪವಿರಾಮ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್ ಆಜ್ಞೆ ಇದನ್ನು ಕ್ಷಣದಲ್ಲಿ ಲೆಕ್ಕ ಹಾಕುತ್ತದೆ. ಪ್ರತಿ ಮುದ್ರಣದಲ್ಲೂ ಹಳೆಯದನ್ನು ಅಳಿಸುವ ಸರತಿ ಏಕೆ ಸಲ್ಲದು ಎಂಬುದು ಇಲ್ಲಿ ಮನದಟ್ಟಾಗುತ್ತದೆ. ಅಳಿಸಿಹೋದ ಕಡತದ ಹ್ಯಾಶ್ ಪುಸ್ತಕದಲ್ಲಿ ಬರೆದಿಟ್ಟಿದ್ದರೂ ಹೋಲಿಸಲು ಕಡತವೇ ಇರುವುದಿಲ್ಲ.

ಹಿಂದೆ ಉಳಿಯುವ ನಕಲು

ಕಚೇರಿಗಳ ಎದುರಿನ ಡಿಟಿಪಿ ಅಂಗಡಿಗಳಿಗೆ ಜನ ಆಧಾರ್, ಪಹಣಿ, ವಿಭಾಗ ಪತ್ರಗಳನ್ನು ಹಿಡಿದು ಬರುತ್ತಾರೆ. ಮುದ್ರಣವಾದ ಹಾಳೆ ಅವರ ಕೈ ಸೇರಿದರೂ ನಕಲು ಗಣಕದಲ್ಲಿ ಉಳಿದಿರುತ್ತದೆ. ಕಪ್ಸ್ ತನ್ನ ಮೂಲ ನಿಯಮದಂತೆ ಮುಗಿದ ಕೆಲಸಗಳ ಮಾಹಿತಿ ಕಡತಗಳನ್ನು 86,400 ಸೆಕೆಂಡು, ಅಂದರೆ ಒಂದು ಇಡೀ ದಿನ, ಸ್ಪೂಲಿನಲ್ಲಿ ಇಟ್ಟುಕೊಳ್ಳುತ್ತದೆ. ಪ್ರಿಸರ್ವ್‌ಜಾಬ್‌ಫೈಲ್ಸ್ ಎಂಬ ಸಾಲಿಗೆ ನೋ ಎಂದು ಬರೆದರೆ ಈ ಸಂಗ್ರಹ ನಿಲ್ಲುತ್ತದೆ. ಕಡತದ ಸರತಿಯಿರುವ ಅಂಗಡಿಯಲ್ಲಂತೂ ಪ್ರತಿಯೊಬ್ಬ ಗ್ರಾಹಕರ ದಾಖಲೆಯೂ ಫೋಲ್ಡರಿನಲ್ಲಿ ಕಾಯಂ ಆಗಿ ಉಳಿಯುತ್ತದೆ. ಗ್ರಾಹಕರ ದಾಖಲೆಗಳಿಗೆ ಇಂತಹ ಸರತಿ ಬಳಸದಿರುವುದು, ಬಳಸಿದರೆ ಕೆಲಸ ಮುಗಿದೊಡನೆ ಅಳಿಸುವುದು ಅಂಗಡಿಯವರ ಹೊಣೆ.

ಜಾಲದ ಇತರ ಗಣಕಗಳಿಂದ ಬಂದ, ಈ ಗಣಕದಲ್ಲಿ ಖಾತೆಯಿಲ್ಲದವರ ಕೆಲಸಗಳನ್ನು ಕಪ್ಸ್-ಪಿಡಿಎಫ್ ಅನಾನಿಮಸ್ ಎಂಬ ಸಾಮಾನ್ಯ ಫೋಲ್ಡರಿಗೆ ಹಾಕುತ್ತದೆ. ಅಲ್ಲಿನ ಕಡತಗಳನ್ನು ಇತರರೂ ಓದಬಲ್ಲರು. ಕಚೇರಿಯಲ್ಲಿ ಪ್ರತಿ ಸಿಬ್ಬಂದಿಗೂ ಪ್ರತ್ಯೇಕ ಖಾತೆ ಇರಬೇಕು ಎನ್ನುವುದು ಇದಕ್ಕಾಗಿಯೇ.

631ನೆಯ ದ್ವಾರವನ್ನು ಹೊರಗಿನ ಅಂತರ್ಜಾಲಕ್ಕೆ ತೆರೆದಿಡುವುದೂ ಸಲ್ಲದು. 2024ರ ಸೆಪ್ಟೆಂಬರ್‌ನಲ್ಲಿ ಕಪ್ಸ್ ಬಳಗದ ತಂತ್ರಾಂಶಗಳಲ್ಲಿ ಗಂಭೀರ ಭದ್ರತಾ ಲೋಪಗಳು ಬೆಳಕಿಗೆ ಬಂದಿದ್ದವು. ಜಾಲದಲ್ಲಿ ಮುದ್ರಕಗಳನ್ನು ಹುಡುಕುವ ಕಪ್ಸ್-ಬ್ರೌಸ್ಡ್ ಎಂಬ ಸೇವೆಯ ಮೂಲಕ ಹೊರಗಿನವರು ಗಣಕದಲ್ಲಿ ತಮ್ಮ ಆಜ್ಞೆ ನಡೆಸಲು ದಾರಿಯಾಗುತ್ತಿತ್ತು. ತಿದ್ದುಪಡಿಗಳು ಬಿಡುಗಡೆಯಾಗಿವೆ. ಗಣಕವನ್ನು ಕಾಲಕಾಲಕ್ಕೆ ನವೀಕರಿಸದವರಿಗೆ ಅವುಗಳ ಪ್ರಯೋಜನವಿಲ್ಲ.

ಕೆಲಸ ನಿಂತಾಗ

ಸರತಿಯ ಸ್ಥಿತಿ ತಿಳಿಯಲು ಎಲ್‌ಪಿಸ್ಟ್ಯಾಟ್ ಆಜ್ಞೆಗೆ ಅಡ್ಡಗೆರೆ ಪಿ ಸೇರಿಸಬೇಕು. ಯಾವ ಸರತಿ ಯಾವ ವಿಳಾಸಕ್ಕೆ ಹೋಗುತ್ತಿದೆ ಎಂದು ತಿಳಿಯಲು ಅಡ್ಡಗೆರೆ ವಿ. ಸರತಿ ನಿಂತಿದ್ದರೆ ಕಪ್ಸ್‌ಎನೇಬಲ್, ಕೆಲಸ ಸ್ವೀಕರಿಸದಿದ್ದರೆ ಕಪ್ಸ್‌ಆಕ್ಸೆಪ್ಟ್, ಸಿಕ್ಕಿಕೊಂಡ ಕೆಲಸ ತೆಗೆಯಲು ಕ್ಯಾನ್ಸಲ್. ಕಾರಣ ತಿಳಿಯದಿದ್ದಾಗ ವರ್ ಫೋಲ್ಡರಿನ ಲಾಗ್, ಅದರೊಳಗಿನ ಕಪ್ಸ್ ಉಪಫೋಲ್ಡರಿನಲ್ಲಿರುವ ಎರರ್‌ಲಾಗ್ ಕಡತದ ಕೊನೆಯ ಸಾಲುಗಳನ್ನು ಓದಬೇಕು. ಡಿಸ್ಕ್ ತುಂಬಿರುವುದು, ಫೋಲ್ಡರಿಗೆ ಬರೆಯುವ ಹಕ್ಕಿಲ್ಲದಿರುವುದು, ಆಪ್‌ಆರ್ಮರ್ ತಡೆದಿರುವುದು ಸಾಮಾನ್ಯ ಕಾರಣಗಳು.

ಸಿದ್ಧವಾದ ಸರತಿಯನ್ನು ನಂಬುವ ಮೊದಲು ಒಂದು ಪರೀಕ್ಷೆ ಅಗತ್ಯ. ಒಂದೇ ಶೀರ್ಷಿಕೆಯ ಎರಡು ಕನ್ನಡ ದಾಖಲೆಗಳನ್ನು ಬೇರೆ ಬೇರೆ ಖಾತೆಗಳಿಂದಲೂ, ಒಂದೇ ಖಾತೆಯಿಂದ ಎರಡು ಬಾರಿಯೂ ಕಳುಹಿಸಬೇಕು. ಎಲ್ಲ ಕಡತಗಳೂ ಉಳಿದಿವೆಯೇ, ಒಬ್ಬರದನ್ನು ಇನ್ನೊಬ್ಬರು ತೆರೆಯಲು ಬರುತ್ತದೆಯೇ, ಅರ್ಜಿದಾರ ಎಂಬ ಪದ ಹುಡುಕಿದರೆ ಸಿಗುತ್ತದೆಯೇ ಎಂದು ನೋಡಬೇಕು. ಕೊನೆಯದಾಗಿ, ಗಣಕವೂ ಪ್ರವಾಹಕ್ಕೆ ಸಿಲುಕಬಲ್ಲ ವಸ್ತುವೇ ಆದ್ದರಿಂದ ಕಡತಗಳ ಇನ್ನೊಂದು ಪ್ರತಿ ಬೇರೆ ಊರಿನಲ್ಲೋ, ಎತ್ತರದ ಮನೆಯಲ್ಲೋ ಇರಬೇಕು. ನದಿ ದಂಡೆಯ ಊರುಗಳವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.